ಇಳಿಸಿದ ಕೈ

ಏಪ್ರಿಲ್ ತಿಂಗಳ ಒಂದು ಭಾನುವಾರ. ಕರಾವಳಿಯ ಪುಟ್ಟ ಪಟ್ಟಣವೊಂದರ ಚರ್ಚಿನಲ್ಲಿ ಬೆಳಗಿನ ಆರಾಧನೆ ಮುಗಿದಿದೆ. ಪಕ್ಕದ ಸಭಾಂಗಣದಲ್ಲಿ ಯೌವನಸ್ಥರ ಕೂಟ. ಫ್ಯಾನು ತಿರುಗುತ್ತಿದ್ದರೂ ಸೆಕೆ ತಡೆಯಲಾಗುತ್ತಿಲ್ಲ. ಹೈಸ್ಕೂಲು, ಕಾಲೇಜಿನ ಸುಮಾರು ಮೂವತ್ತು ಮಕ್ಕಳ ಎದುರು, ಪ್ರಥಮ ಪಿಯುಸಿ ಮುಗಿಸಿದ ಹುಡುಗಿಯೊಬ್ಬಳು ಕಾಗದ ಹಿಡಿದು ನಿಂತಿದ್ದಾಳೆ. ಕಳೆದ ಮೇ ತಿಂಗಳಲ್ಲಿ ಒಂದು ವಾರದ ನಾಯಕತ್ವ ಶಿಬಿರಕ್ಕೆ ಇಲ್ಲಿಂದ ಹೋಗಿ ಬಂದವಳು ಅವಳೊಬ್ಬಳೇ. ಈ ಸಲ ನಾಲ್ಕು ಮಂದಿಯಾದರೂ ಹೊರಡಲಿ ಎಂದು ಸಭಾಪಾಲಕರು ಅವಳಿಗೆ ಐದು ನಿಮಿಷ ಕೊಟ್ಟಿದ್ದಾರೆ.

'ವ್ಯಕ್ತಿತ್ವ ವಿಕಸನ, ಆತ್ಮವಿಶ್ವಾಸ, ಭಾಷಣ ಕಲೆ, ಕೊನೆಗೆ ಪ್ರಮಾಣಪತ್ರ...' ಕರಪತ್ರದಲ್ಲಿ ಇದ್ದುದನ್ನೇ ಅವಳು ಓದಿದಳು. ಹಿಂದಿನ ಬೆಂಚಿನವರು ಆಕಳಿಸಿದರು. ಯಾರು ಬರುತ್ತೀರಿ ಎಂದು ಕೇಳಿದರೆ ಒಂದು ಕೈಯೂ ಮೇಲೇಳಲಿಲ್ಲ. ಎಂಟನೇ ತರಗತಿಯ ಪೋರನೊಬ್ಬ ಮಾತ್ರ ಬಾಯಿ ಬಿಟ್ಟ: 'ಅದೆಲ್ಲ ಇರ್ಲಿ ಅಕ್ಕ, ಅಲ್ಲಿ ನೀವು ಎಂತ ಮಾಡಿದ್ದು?'

ಹುಡುಗಿ ಕಾಗದ ಮಡಚಿದಳು. ಮೊದಲ ರಾತ್ರಿ ಮನೆ ನೆನಪಾಗಿ ಅತ್ತದ್ದನ್ನು ಹೇಳಿದಳು. ಮೂರನೆಯ ದಿನ ಊಟ ಬಡಿಸುವ ತಂಡಕ್ಕೆ ಅವಳೇ ನಾಯಕಿ. ತನ್ನ ತಂಡದವರನ್ನು ಮೊದಲು ಕೂರಿಸಿ ಧಾರಾಳವಾಗಿ ಬಡಿಸಿದಳು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಪಾತ್ರೆ ಖಾಲಿ. ಕುಚ್ಚಲಕ್ಕಿ ಬೇಯುವುದೆಂದರೆ ಸುಮ್ಮನೆಯೇ? ಎಂಟು ಮಂದಿ ತಟ್ಟೆ ಮುಂದಿಟ್ಟುಕೊಂಡು ಕಾದರು. ಅವಳನ್ನು ಯಾರೂ ಬೈಯಲಿಲ್ಲ. ಸಂಜೆ ಎಲ್ಲರೂ ಕುಳಿತಾಗ ಶಿಬಿರದ ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ: 'ಇವತ್ತು ಕೊನೆಗೆ ಊಟ ಮಾಡಿದವರು ಯಾರು?' ಮರುದಿನದಿಂದ ಅವಳು ಎಲ್ಲರ ನಂತರ ಉಂಡಳು.

'ಭಾಷಣ ಮಾಡ್ಲಿಕ್ಕೆ ನನಗೆ ಈಗಲೂ ಬರುದಿಲ್ಲ, ನೀವೇ ನೋಡಿದ್ರಲ್ಲ' ಎಂದಾಗ ಎಲ್ಲರೂ ನಕ್ಕರು. ಮೂರು ಕೈಗಳು ಮೇಲೆದ್ದವು.

ಇಂಥ ದೃಶ್ಯ ಬೇಸಿಗೆ ಬಂತೆಂದರೆ ಹಲವು ಚರ್ಚುಗಳಲ್ಲಿ, ಶಾಲೆಗಳಲ್ಲಿ ಕಾಣಸಿಗುತ್ತದೆ. ಕರಪತ್ರ ಎಲ್ಲರಿಗೂ ಒಂದೇ ಮಾತನ್ನು ಹೇಳುತ್ತದೆ. ಹೋಗಿ ಬಂದವರು ತಾವು ಎಡವಿದ್ದನ್ನೂ ಹೇಳಿದರೆ ಮಾತ್ರ ಕೇಳುವವರಿಗೆ ನಂಬಿಕೆ ಹುಟ್ಟುತ್ತದೆ. ಆದರೆ ಕರೆಯುವವರ ಕೆಲಸ ಅಲ್ಲಿಗೇ ಮುಗಿಯುವುದಿಲ್ಲ. ಕಿಟಕಿ ಬದಿಯಲ್ಲಿ ನಾಲ್ಕನೆಯ ಕೈಯೊಂದು ಅರ್ಧ ಎದ್ದಿತ್ತು. ಶುಲ್ಕದ ಮಾತು ಬಂದೊಡನೆ ಅದು ಇಳಿಯಿತು. ಒಂಬತ್ತನೇ ತರಗತಿ ಮುಗಿಸಿದ ಆ ಹುಡುಗಿಯನ್ನು ಮಾತನಾಡುತ್ತಿದ್ದವಳು ನೋಡಿದಳು. ಎಲ್ಲರೆದುರು ಏನೂ ಕೇಳಲಿಲ್ಲ.

ಹಣದ ಈ ತೊಡಕು ಹೊಸದೇನಲ್ಲ. 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ರಾಬರ್ಟ್ ಬೇಡನ್ ಪೊವೆಲ್ ಸುಮಾರು 20 ಹುಡುಗರ ಶಿಬಿರ ನಡೆಸಿದರು. ಸ್ಕೌಟ್ ಚಳವಳಿ ಮೊಳಕೆಯೊಡೆದದ್ದು ಅಲ್ಲಿಯೇ. ಸುಮಾರು ಅರ್ಧದಷ್ಟು ಹುಡುಗರು ಸಿರಿವಂತರ ಶಾಲೆಗಳಿಂದ ಬಂದವರು. ಉಳಿದವರು ಬಾಯ್ಸ್ ಬ್ರಿಗೇಡ್‌ನ ಸಾಮಾನ್ಯ ಮನೆಗಳ ಮಕ್ಕಳು. ಈ ಬ್ರಿಗೇಡ್ 1883ರಲ್ಲಿ ಗ್ಲಾಸ್ಗೋ ನಗರದ ಸಂಡೇ ಸ್ಕೂಲ್ ಶಿಕ್ಷಕ ವಿಲಿಯಂ ಸ್ಮಿತ್ ಚರ್ಚಿನ ಬಾಲಕರಿಗಾಗಿ ಕಟ್ಟಿದ ಸಂಘ. ಶಿಬಿರದ ಶುಲ್ಕ ಸಿರಿವಂತರ ಶಾಲೆಯವರಿಗೆ ಒಂದು ಪೌಂಡ್, ಉಳಿದವರಿಗೆ ಮೂರೂವರೆ ಷಿಲಿಂಗ್. ಪೌಂಡಿಗೆ 20 ಷಿಲಿಂಗ್ ಇದ್ದ ಕಾಲ ಅದು. ಎಲ್ಲರನ್ನೂ ಬೆರೆಸಿ ನಾಲ್ಕು ತಂಡ ಮಾಡಿದರು. ಪ್ರತಿ ತಂಡಕ್ಕೂ ಒಬ್ಬ ಹುಡುಗನೇ ನಾಯಕ. ಎರಡು ವರ್ಷಗಳ ನಂತರ, 1909ರಲ್ಲಿ, ಭಾರತದ ಮೊದಲ ಸ್ಕೌಟ್ ದಳ ಆರಂಭವಾದದ್ದು ನಮ್ಮ ಬೆಂಗಳೂರಿನಲ್ಲಿ. ಕೊಡಲಾಗುವವರು ಹೆಚ್ಚು ಕೊಟ್ಟು, ಕೊಡಲಾಗದವರು ಕಡಿಮೆ ಕೊಟ್ಟು ಒಂದೇ ಡೇರೆಯಲ್ಲಿ ಮಲಗುವುದೇ ಶಿಬಿರದ ಮೊದಲ ಪಾಠವಲ್ಲವೇ?

ಹುಡುಗಿ ಅಂದೇ ಸಂಜೆ ಸಭಾಪಾಲಕರ ಮನೆಗೆ ಹೋದಳು. ಯಾರ ಹೆಸರನ್ನೂ ಎತ್ತದೆ, ಒಬ್ಬರ ಶುಲ್ಕಕ್ಕೆ ದಾರಿ ಇದೆಯೇ ಎಂದು ಕೇಳಿದಳು. ಮುಂದಿನ ಎರಡು ಭಾನುವಾರ ಆರಾಧನೆಯ ನಂತರ ಯೌವನಸ್ಥರು ಗೋಳಿಬಜೆ, ಚಹಾ ಮಾರಿ ಹಣ ಕೂಡಿಸುವುದೆಂದು ತೀರ್ಮಾನವಾಯಿತು. ಕಡಿಮೆ ಬಿದ್ದದ್ದನ್ನು ಸಭೆ ಭರಿಸುವುದು ಎಂದಾಯಿತು.

ಆದರೆ ಹಣವಾದರೆ ಎಲ್ಲ ಆದಂತೆಯೇ? ಕೈ ಇಳಿಸಿದ ಹುಡುಗಿಯ ಮನೆಗೆ ಅವಳು ಹೋದಾಗ ತಂದೆ ಜಗಲಿಯಲ್ಲಿ ಕುಳಿತಿದ್ದರು. 'ಮುಂದಿನ ವರ್ಷ ಇವಳಿಗೆ ಎಸ್ಸೆಸ್ಸೆಲ್ಸಿ. ಟ್ಯೂಷನ್ ಬಿಟ್ಟು ಒಂದು ವಾರ ಹೋದ್ರೆ ಪಾಠ ಯಾರು ಹೇಳಿಕೊಡುದು?' ಎಂದರು. ತಾಯಿಯ ಪ್ರಶ್ನೆಗಳು ಬೇರೆ. ಹೆಣ್ಣುಮಕ್ಕಳ ಜತೆ ರಾತ್ರಿ ಉಳಿಯುವ ಹೆಂಗಸರು ಯಾರು? ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೇ? ಜ್ವರ ಬಂದರೆ ಡಾಕ್ಟರು ಎಷ್ಟು ದೂರ? ಮಗಳು ಮನೆಗೆ ಫೋನ್ ಮಾಡಬಹುದೇ? ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ಅವಳು ಯಾರಿಗೆ ಹೇಳಬೇಕು?

ಇವು ಅನುಮಾನದ ಮಾತುಗಳಲ್ಲ, ಪ್ರತಿ ಪಾಲಕರೂ ಕೇಳಲೇಬೇಕಾದ ಮಾತುಗಳು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆ 2012ರಲ್ಲಿ ಬಂದಿದೆ. 18 ವರ್ಷದೊಳಗಿನ ಎಲ್ಲರಿಗೂ ಅದು ಅನ್ವಯಿಸುತ್ತದೆ. ಒಳ್ಳೆಯ ಶಿಬಿರದವರು ಇಂಥ ಪ್ರಶ್ನೆಗಳಿಗೆ ಮುಖ ಗಂಟಿಕ್ಕುವುದಿಲ್ಲ. ಗಂಟಿಕ್ಕಿದರೆ ಮಗುವನ್ನು ಕಳಿಸದಿರುವುದೇ ಲೇಸು.

ಹುಡುಗಿ ತನಗೆ ಗೊತ್ತಿದ್ದುದನ್ನು ಹೇಳಿದಳು. ಮಹಿಳಾ ವಾರ್ಡನ್ ಅದೇ ಕೋಣೆಯಲ್ಲಿ ಮಲಗುತ್ತಿದ್ದರು, ರಾತ್ರಿ ಊಟದ ನಂತರ ಮನೆಗೆ ಫೋನ್ ಮಾಡಬಹುದಿತ್ತು. ಡಾಕ್ಟರ ವಿಷಯ, ದೂರಿನ ವಿಷಯ ಅವಳಿಗೆ ಗೊತ್ತಿರಲಿಲ್ಲ. 'ಕೇಳಿ ನಾಳೆ ಹೇಳ್ತೇನೆ ಆಂಟಿ' ಎಂದಳು. ತಪ್ಪಿದ ಪಾಠವನ್ನು ತಾನೇ ಕೂತು ಹೇಳಿಕೊಡುವುದಾಗಿ ತಂದೆಗೆ ಮಾತು ಕೊಟ್ಟಳು.

ಅವರು ಕೂಡಲೇ ಒಪ್ಪಲಿಲ್ಲ. ಅರ್ಜಿಯನ್ನು ಮಡಚಿ ಕಿಸೆಗೆ ಹಾಕಿಕೊಂಡು, 'ನೀನು ಕೇಳಿ ಬಾ, ಮತ್ತೆ ನೋಡುವ' ಎಂದರು. ಬಾಗಿಲ ಹಿಂದೆ ನಿಂತಿದ್ದ ಮಗಳು ಮಾತ್ರ ಆಗಲೇ ಚೀಲ ಹುಡುಕಲು ಒಳಗೆ ಓಡಿದ್ದಳು.