ಟೆಂಪರೇಚರ್ ಮುಳ್ಳು ಮೇಲೇರಿದಾಗ…

ನಮ್ಮ ಮನೆಗಳಲ್ಲಿ ಕಾರು ಓಡಿಸುವ ಮಹಿಳೆಯರು ಈಗ ಅಪರೂಪವಲ್ಲ. ಗಂಡ ದಮಾಮಿನಲ್ಲೋ ದುಬೈಯಲ್ಲೋ ಇರುವಾಗ ಮಕ್ಕಳನ್ನು ಶಾಲೆಗೆ ಬಿಡುವುದು, ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಮದುವೆ ಮನೆಗೆ ಹೋಗಿ ಬರುವುದು ಎಲ್ಲವೂ ಆಕೆಯ ಹೊಣೆ. ಚಾಲನೆಯೇನೋ ಚೆನ್ನಾಗಿ ಗೊತ್ತು. ಆದರೆ ಬಾನೆಟ್‌ನ ಒಳಗಿನ ವಿಷಯ ಬಂದಾಗ, ‘ಅದನ್ನು ಮೆಕ್ಯಾನಿಕ್ ನೋಡಿಕೊಳ್ಳುತ್ತಾನೆ’ ಎಂದು ಸುಮ್ಮನಾಗುತ್ತೇವೆ. ಹೆಚ್ಚಿನ ದೋಷಗಳ ಮಟ್ಟಿಗೆ ಅದು ಸರಿಯೇ. ಎಂಜಿನ್ ಅತಿಯಾಗಿ ಬಿಸಿಯಾಗುವ ವಿಷಯದಲ್ಲಿ ಮಾತ್ರ ಸರಿಯಲ್ಲ. ಮೆಕ್ಯಾನಿಕ್ ಬರುವ ಮುಂಚಿನ ಕೆಲವು ನಿಮಿಷಗಳಲ್ಲಿ ನೀವು ಏನು ಮಾಡುತ್ತೀರಿ ಎಂಬುದರ ಮೇಲೆ ರಿಪೇರಿಯ ಖರ್ಚು ಮಾತ್ರವಲ್ಲ, ನಿಮ್ಮ ಕೈ, ಮುಖಗಳ ಕ್ಷೇಮವೂ ನಿಂತಿದೆ.

ಕುಕ್ಕರ್ ಗೊತ್ತಿದ್ದರೆ ಇದೂ ಗೊತ್ತು

ಎಂಜಿನ್‌ನೊಳಗೆ ಇಂಧನ ಉರಿಯುತ್ತಿರುತ್ತದೆ. ಆ ಬಿಸಿಯನ್ನು ಹೊರಗೆ ಸಾಗಿಸಲು ಕೂಲೆಂಟ್ ಬೆರೆಸಿದ ನೀರು ಅದರ ಸುತ್ತ ಹರಿಯುತ್ತಿರುತ್ತದೆ. ವಾಟರ್ ಪಂಪ್ ಅದನ್ನು ತಳ್ಳುತ್ತದೆ. ಮುಂಭಾಗದ ರೇಡಿಯೇಟರ್‌ನಲ್ಲಿ ಅದು ಗಾಳಿಗೆ ತಣಿದು ಮತ್ತೆ ಎಂಜಿನ್‌ಗೆ ಮರಳುತ್ತದೆ. ಕಾರು ನಿಧಾನವಾಗಿ ಹೋಗುವಾಗ ಅಥವಾ ನಿಂತಾಗ ಗಾಳಿ ಸಾಲದು. ಆಗ ಫ್ಯಾನ್ ತಿರುಗುತ್ತದೆ. ಥರ್ಮೋಸ್ಟಾಟ್ ಎಂಬ ಪುಟ್ಟ ಬಾಗಿಲು ಎಂಜಿನ್ ಬಿಸಿಯಾದ ಮೇಲೆ ತೆರೆದುಕೊಂಡು ನೀರನ್ನು ರೇಡಿಯೇಟರ್‌ಗೆ ಬಿಡುತ್ತದೆ. ಹೀಗೆ ಎಂಜಿನ್‌ನ ನೀರು ಸಾಮಾನ್ಯವಾಗಿ 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ.

ನೀರು 100 ಡಿಗ್ರಿಗೆ ಕುದಿಯಬೇಕಲ್ಲವೇ? ಇಲ್ಲಿಯೂ ಕುಕ್ಕರ್‌ನಂತೆಯೇ ಒತ್ತಡ ಕೆಲಸ ಮಾಡುತ್ತದೆ. ರೇಡಿಯೇಟರ್‌ನ ಮುಚ್ಚಳ ಒತ್ತಡವನ್ನು ಹಿಡಿದಿಡುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ವಿಸಿಲ್ ಹಾಕುತ್ತಿರುವ ಕುಕ್ಕರ್‌ನ ಮುಚ್ಚಳವನ್ನು ನೀವು ಎಂದಾದರೂ ಬಲವಂತವಾಗಿ ತೆರೆಯುತ್ತೀರಾ? ಬಿಸಿ ರೇಡಿಯೇಟರ್‌ನ ಮುಚ್ಚಳ ತಿರುಗಿಸುವುದೂ ಅದೇ ಕೆಲಸ. ಒತ್ತಡ ಇಳಿದ ಕ್ಷಣದಲ್ಲೇ ನೀರು ಉಕ್ಕಿ, ಆವಿಯ ಸಮೇತ ಮುಖಕ್ಕೆ ರಾಚುತ್ತದೆ. ಬಟ್ಟೆ ಸುತ್ತಿ ತೆರೆದರೂ ಅಪಾಯ ತಪ್ಪುವುದಿಲ್ಲ.

ಆ ಕೆಲವು ನಿಮಿಷಗಳು

ಮೀಟರ್‌ನ ಮುಳ್ಳು ಮಧ್ಯದಿಂದ ಮೇಲಕ್ಕೇರತೊಡಗಿದರೆ ಮೊದಲು ಎ.ಸಿ. ಆರಿಸಿ. ಕಿಟಕಿ ತೆರೆದು ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ. ಸೆಕೆಯಲ್ಲಿ ಇದು ವಿಚಿತ್ರ ಎನಿಸಬಹುದು. ಆದರೆ ಹೀಟರ್ ಎಂಜಿನ್‌ನ ಬಿಸಿಯನ್ನೇ ಸ್ವಲ್ಪ ಸ್ವಲ್ಪವಾಗಿ ಹೊರಗೆಳೆಯುತ್ತದೆ. ಸುರಕ್ಷಿತ ಜಾಗ ಸಿಗುವವರೆಗೆ ಇದು ನಿಮಗೆ ಸಮಯ ಕೊಡುತ್ತದೆ, ಅಷ್ಟೆ. ಇದು ರಿಪೇರಿಯಲ್ಲ.

ಮುಳ್ಳು ಕೆಂಪು ಗೆರೆ ಮುಟ್ಟಿದರೆ, ಕೆಂಪು ದೀಪ ಹತ್ತಿದರೆ ಅಥವಾ ಬಾನೆಟ್‌ನಿಂದ ಆವಿ ಬಂದರೆ ರಸ್ತೆ ಬದಿಗೆ ಸರಿದು ಎಂಜಿನ್ ನಿಲ್ಲಿಸಿ. ಕೆಲವು ಕಾರುಗಳಲ್ಲಿ ಮುಳ್ಳೇ ಇರುವುದಿಲ್ಲ, ದೀಪ ಮಾತ್ರ ಇರುತ್ತದೆ. ಶಿರಾಡಿ, ಚಾರ್ಮಾಡಿಯಂತಹ ಘಾಟಿಗಳಲ್ಲಿ ತಿರುವಿನಲ್ಲಿ ನಿಲ್ಲಿಸಬೇಡಿ. ಹಿಂದಿನ ವಾಹನಗಳಿಗೆ ದೂರದಿಂದ ಕಾಣುವ ಅಗಲ ಜಾಗ ನೋಡಿ. ನಾಲ್ಕೂ ಸಿಗ್ನಲ್ ದೀಪಗಳನ್ನು ಹಾಕಿ. ಮಕ್ಕಳನ್ನು ರಸ್ತೆಯಿಲ್ಲದ ಬದಿಯಿಂದ ಇಳಿಸಿ ದೂರ ನಿಲ್ಲಿಸಿ.

ಈ ಹೊತ್ತಿನಲ್ಲಿ ಹಿಂದಿನ ಸೀಟಿನಿಂದ ಒಂದು ಮಾತು ಬಂದೇ ಬರುತ್ತದೆ: ‘ಇನ್ನು ಸ್ವಲ್ಪವೇ ಇದೆಯಲ್ಲ, ಊಟದ ಹೊತ್ತಾಯಿತು, ಹೇಗಾದರೂ ತಲುಪಿಬಿಡೋಣ.’ ಹಿರಿಯರ ಮಾತು ಮೀರಲು ನಿಮಗೆ ಸಂಕೋಚವಾಗಬಹುದು. ಆದರೆ ಸ್ಟಿಯರಿಂಗ್ ಹಿಡಿದವರು ನೀವು. ಹೆಚ್ಚಿನ ಕಾರುಗಳಲ್ಲಿ ಎಂಜಿನ್‌ನ ಮೇಲ್ಭಾಗವಾದ ಸಿಲಿಂಡರ್ ಹೆಡ್ ಅಲ್ಯೂಮಿನಿಯಮ್‌ನದು. ಅತಿ ಬಿಸಿಗೆ ಅದು ಸೊಟ್ಟಗಾಗುತ್ತದೆ, ಅದರ ಕೆಳಗಿನ ಗ್ಯಾಸ್ಕೆಟ್ ಹಾಳಾಗುತ್ತದೆ. ಒಂದು ಹೋಸ್ ಪೈಪ್ ಬದಲಿಸಿ ಮುಗಿಯಬೇಕಿದ್ದ ಕೆಲಸಕ್ಕೆ ಇಡೀ ಎಂಜಿನ್ ಬಿಚ್ಚಬೇಕಾಗಿ ಬರಬಹುದು. ‘ನಿಲ್ಲಿಸಲೇಬೇಕು’ ಎಂದು ಮೃದುವಾಗಿ, ಆದರೆ ಖಚಿತವಾಗಿ ಹೇಳಿ.

ತಣಿದ ಮೇಲೆ ನೋಡುವುದೇನು?

ಕನಿಷ್ಠ ಮುಕ್ಕಾಲು ಗಂಟೆ ಕಾಯಿರಿ. ಆವಿ ನಿಂತ ಮೇಲಷ್ಟೇ ಬಾನೆಟ್ ಎತ್ತಿ. ಎಂಜಿನ್ ನಿಲ್ಲಿಸಿದ ಮೇಲೂ ಫ್ಯಾನ್ ತಾನಾಗಿಯೇ ತಿರುಗಬಹುದು. ಕೈಬೆರಳು, ದುಪಟ್ಟಾದ ಸೆರಗು, ಬುರ್ಖಾದ ತೋಳು ಅದರ ಹತ್ತಿರ ಸುಳಿಯದಿರಲಿ.

ನೀರಿನ ಪ್ಲಾಸ್ಟಿಕ್ ಟ್ಯಾಂಕ್‌ನಲ್ಲಿ ಕೂಲೆಂಟ್ ಕೆಳಗಿನ ಗೆರೆಗಿಂತ ಕಡಿಮೆ ಇದೆಯೇ? ಕಾರಿನಡಿಯಲ್ಲಿ ನೀರು ಬಿದ್ದಿದೆಯೇ? ಅದು ಹಸಿರು, ಗುಲಾಬಿ ಅಥವಾ ಕಿತ್ತಳೆ ಬಣ್ಣದ್ದಾಗಿದ್ದರೆ ಕೂಲೆಂಟ್ ಸೋರಿದೆ. ಬಣ್ಣ, ವಾಸನೆಯಿಲ್ಲದ ಬರೀ ನೀರಾದರೆ ಅದು ಎ.ಸಿ.ಯಿಂದ ತೊಟ್ಟಿಕ್ಕಿದ್ದಿರಬಹುದು. ಎಂಜಿನ್ ಪೂರ್ತಿ ತಣಿದಿದ್ದರೆ ಮಾತ್ರ ಮುಚ್ಚಳ ತೆರೆದು ಕುಡಿಯುವ ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಕುದಿಯುವ ಎಂಜಿನ್‌ಗೆ ತಣ್ಣೀರು ಸುರಿದರೆ ಲೋಹ ಬಿರುಕು ಬಿಡಬಹುದು. ನೀರು ಹಾಕಿದೊಡನೆ ಸೋರಿಹೋದರೆ, ಮುಳ್ಳು ಮತ್ತೆ ಏರಿದರೆ ಓಡಿಸಬೇಡಿ. ಗಾಡಿ ಎಳೆಯಲು ಜನ ಕರೆಸಿ.

ಇನ್ನೊಂದು ವಿಷಯ ನೆನಪಿರಲಿ. ನೀರು ಪೂರ್ತಿ ಖಾಲಿಯಾದರೆ ಬಿಸಿ ಅಳೆಯುವ ಸೆನ್ಸರ್ ನೀರಿನಲ್ಲಿರುವುದಿಲ್ಲ. ಆಗ ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗೇ ಇರಬಹುದು. ಹೀಟರ್ ಹಾಕಿದರೂ ತಣ್ಣನೆ ಗಾಳಿ ಬಂದರೆ ಇದನ್ನು ಸಂಶಯಿಸಿ.

ಎಲ್ಲಿ ಬಿಸಿಯಾಯಿತು ಎಂದು ಹೇಳಿ

ಗ್ಯಾರೇಜಿನಲ್ಲಿ ‘ಗಾಡಿ ಹೀಟಾಗುತ್ತದೆ’ ಎಂದಷ್ಟೇ ಹೇಳಿದರೆ ಸಾಲದು. ಊರೊಳಗಿನ ಟ್ರಾಫಿಕ್‌ನಲ್ಲಿ ಬಿಸಿಯಾಗಿ, ಹೆದ್ದಾರಿಯಲ್ಲಿ ಇಳಿಯುತ್ತದೆಯೇ? ಮೊದಲು ಫ್ಯಾನ್ ಮತ್ತು ಅದರ ಫ್ಯೂಸ್ ನೋಡಬೇಕು. ಘಾಟಿ ಏರುವಾಗ ಅಥವಾ ವೇಗದಲ್ಲಿ ಮಾತ್ರ ಬಿಸಿಯಾಗುತ್ತದೆಯೇ? ಕೂಲೆಂಟ್ ಕಡಿಮೆಯಿರಬಹುದು, ರೇಡಿಯೇಟರ್ ಕಟ್ಟಿಕೊಂಡಿರಬಹುದು. ಹೊರಟ ಕೆಲವೇ ನಿಮಿಷಗಳಲ್ಲಿ ಏರುತ್ತದೆಯೇ? ಥರ್ಮೋಸ್ಟಾಟ್ ಮುಚ್ಚಿಕೊಂಡೇ ಉಳಿದಿರಬಹುದು, ಪಂಪ್ ಕೆಲಸ ಮಾಡದಿರಬಹುದು. ಸೈಲೆನ್ಸರ್‌ನಿಂದ ಬಿಳಿ ಹೊಗೆ ನಿಲ್ಲದೆ ಬಂದರೆ, ಎಂಜಿನ್ ಆಯಿಲ್ ಹಾಲು ಬೆರೆತ ಕಾಫಿಯಂತಾಗಿದ್ದರೆ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು.

ಅನೇಕ ಮನೆಗಳಲ್ಲಿ ಕಾರಿಗೆ ವಾರವಾರ ನೀರು ತುಂಬಿಸುವುದೇ ಪರಿಹಾರವೆಂಬಂತಾಗಿದೆ. ಆದರೆ ಇದು ಮುಚ್ಚಿದ ವ್ಯವಸ್ಥೆ. ಸೋರದ ಹೊರತು ಇಲ್ಲಿ ನೀರು ಪದೇ ಪದೇ ಕಡಿಮೆಯಾಗುವುದಿಲ್ಲ. ಕಡಿಮೆಯಾಗುತ್ತಿದ್ದರೆ ಅದು ಹೊರಗೆ ಸೋರುತ್ತಿದೆ, ಇಲ್ಲವೇ ಎಂಜಿನ್‌ನೊಳಗೆ ಹೋಗುತ್ತಿದೆ. ‘ನೀರು ತುಂಬಿಸಿದ್ದೇನೆ, ಇನ್ನು ತೊಂದರೆಯಿಲ್ಲ’ ಎಂದು ಮೆಕ್ಯಾನಿಕ್ ಹೇಳಿದರೆ, ‘ಮೊದಲಿನ ನೀರು ಎಲ್ಲಿ ಹೋಯಿತು?’ ಎಂದು ಕೇಳಿ. ಅದಕ್ಕೆ ಉತ್ತರ ಸಿಕ್ಕಿದ ಮೇಲಷ್ಟೇ ಹಣ ಕೊಡಿ.

ವಾರಕ್ಕೆ ಎರಡು ನಿಮಿಷ

ವಾರಕ್ಕೊಮ್ಮೆ, ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಟ್ಯಾಂಕ್‌ನ ಎರಡು ಗೆರೆಗಳ ನಡುವೆ ಕೂಲೆಂಟ್ ಇದೆಯೇ ನೋಡಿ. ಪ್ರಯಾಣದ ಮುನ್ನಾದಿನ ಹೋಸ್ ಪೈಪ್‌ಗಳು ಉಬ್ಬಿಲ್ಲವೇ, ಬಿರಿದಿಲ್ಲವೇ ಗಮನಿಸಿ. ಯಾವ ಕೂಲೆಂಟ್, ಎಷ್ಟು ಸಮಯಕ್ಕೊಮ್ಮೆ ಬದಲಿಸಬೇಕು ಎಂಬುದು ಕಾರಿನ ಪುಸ್ತಕದಲ್ಲಿರುತ್ತದೆ. ಬೋರ್‌ವೆಲ್‌ನ ಗಡಸು ನೀರನ್ನೇ ತುಂಬಿಸುತ್ತಿದ್ದರೆ ನೀರು ಕಾಯಿಸುವ ಪಾತ್ರೆಯ ತಳದಂತೆ ರೇಡಿಯೇಟರ್‌ನೊಳಗೂ ಬಿಳಿ ಪದರ ಕಟ್ಟುತ್ತದೆ.

ಉಳಿದ ಕೂಲೆಂಟ್‌ನ ಡಬ್ಬಿಯನ್ನು ಅಡುಗೆ ಮನೆಯಲ್ಲಾಗಲಿ, ಮಕ್ಕಳ ಕೈಗೆಟಕುವಲ್ಲಾಗಲಿ ಇಡಬೇಡಿ. ಸಾಮಾನ್ಯವಾಗಿ ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ, ಆದರೆ ವಿಷ. ಶರಬತ್ತಿನ ಖಾಲಿ ಬಾಟಲಿಯಲ್ಲಂತೂ ತುಂಬಿಸಿಡಲೇಬೇಡಿ. ಯಾರಾದರೂ ಕುಡಿದರೆ ಲಕ್ಷಣಗಳಿಗಾಗಿ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಆವಿ ಅಥವಾ ಬಿಸಿನೀರು ತಗುಲಿದರೆ ಬಳೆ, ಉಂಗುರಗಳನ್ನು ಕೂಡಲೇ ತೆಗೆದು, ಸುಟ್ಟ ಜಾಗವನ್ನು 20 ನಿಮಿಷ ಹರಿಯುವ ತಣ್ಣೀರಿನಡಿ ಹಿಡಿಯಿರಿ. ಟೂತ್‌ಪೇಸ್ಟ್, ಎಣ್ಣೆ ಹಚ್ಚಬೇಡಿ. ಮುಖ, ಕಣ್ಣಿಗೆ ತಗುಲಿದ್ದರೆ ವೈದ್ಯರಲ್ಲಿಗೆ ಹೋಗಲು ತಡಮಾಡಬೇಡಿ; ಗಾಡಿಯ ಚಿಂತೆ ಆಮೇಲೆ.