ಹಳೇ ಲೆಕ್ಕಕ್ಕೆ ಸೊನ್ನೆ ಹಾಕಬೇಡಿ

ಪಕ್ಕದೂರಿನ ಹಾಲಿನ ಡೇರಿಯಲ್ಲಿ ಸಾಫ್ಟ್‌ವೇರ್ ಬದಲಾದ ಮಾರನೇ ದಿನ ನಾವು ಹೋಗಿದ್ದೆವು. ಹೋದ ವರ್ಷದ ಲೆಕ್ಕ ತೆಗೆಸಿದರೆ ಎಲ್ಲರ ಹಾಲಿಗೂ ಎಸ್‌ಎನ್‌ಎಫ್ ಸೊನ್ನೆ! ಹಾಲು ಕೆಟ್ಟಿರಲಿಲ್ಲ. ಹಳೇ ಸಾಫ್ಟ್‌ವೇರಿನಲ್ಲಿ ಆ ಕಾಲಮ್ಮೇ ಇರಲಿಲ್ಲ.

ಜಾವಾದಂಥ ಭಾಷೆಯಲ್ಲಿ ‘ಕ್ಲಾಸ್’ ಅಂದರೆ ಖಾಲಿ ಫಾರಂ ಇದ್ದ ಹಾಗೆ. ಒಬ್ಬೊಬ್ಬರ ಲೆಕ್ಕವೂ ತುಂಬಿದ ಫಾರಂ. ಅದನ್ನು ನೇರವಾಗಿ ಫೈಲಿಗೆ ಬರೆದಿಟ್ಟು, ಆಮೇಲೆ ಖಾಲಿ ಫಾರಮ್ಮಿಗೆ ಹೊಸ ಕಾಲಂ ಸೇರಿಸಿದರೆ ಜಾವಾ ಎರಡರಲ್ಲೊಂದು ಮಾಡುತ್ತದೆ. ಫಾರಮ್ಮಿನ ಆವೃತ್ತಿ ಸಂಖ್ಯೆ ಬೇರೆಯಾಗಿದ್ದರೆ ಹಳೇ ದಾಖಲೆ ಓದುವುದೇ ಇಲ್ಲ. ಒಂದೇ ಆಗಿದ್ದರೆ ಓದಿ, ಹೊಸ ಅಂಕಿಯ ಜಾಗದಲ್ಲಿ ಸುಮ್ಮನೆ 0 ಇಡುತ್ತದೆ.

ಎರಡನೆಯದೇ ಹೆಚ್ಚು ಅಪಾಯ ಅನ್ನುತ್ತೇವೆ ನಾವು. ದಾಖಲೆ ತೆರೆಯದಿದ್ದರೆ ಎಲ್ಲರಿಗೂ ಗೊತ್ತಾಗುತ್ತದೆ. ಸೊನ್ನೆ ಮಾತ್ರ ನಿಜದಂತೆ ಕೂತಿರುತ್ತದೆ. ‘ಅಳೆದಿಲ್ಲ’ ಬೇರೆ, ‘ಸೊನ್ನೆ’ ಬೇರೆ. ಹಾಲಿನ ದರ ನಿಂತಿರುವುದೇ ಫ್ಯಾಟ್, ಎಸ್‌ಎನ್‌ಎಫ್ ಮೇಲಲ್ಲವೇ?

ಹೊಸದು ಬೇಡ ಅನ್ನುತ್ತಿಲ್ಲ. ಪ್ರತಿ ದಾಖಲೆಯಲ್ಲೂ ಅದು ಯಾವ ಆವೃತ್ತಿಯದು ಎಂದು ಬರೆದಿರಲಿ. ಬದಲಿಸುವ ಮೊದಲು ಹಳೆಯದರ ಒಂದು ಪ್ರತಿ ಎತ್ತಿಡಲಿ. ಅಳೆಯದ ಜಾಗ ಖಾಲಿಯೇ ಇರಲಿ. ನೀವೂ ಅಷ್ಟೇ, ಹಾಲಿನ ಹಳೇ ಚೀಟಿ ಎಸೆಯಬೇಡಿ. ಒಮ್ಮೆ ತಾಳೆ ಹಾಕಿ ನೋಡಿ.