ಆರ್‌ಒ ನೀರು ಮತ್ತು ಪಕ್ಕದ ಮನೆಯ ಕರಿಬೇವು

ನಮ್ಮೂರು ತಾವರೆಕೆರೆ ಅಂದ್ರೆ ಆಫೀಸಲ್ಲಿ ಎಲ್ಲರೂ "ಓ, ಮಾಗಡಿ ರೋಡಾ?" ಅಂತಾರೆ. ಅಲ್ಲ ಸ್ವಾಮಿ. ಬಿಟಿಎಂ ಪಕ್ಕದ್ದೂ ಅಲ್ಲ. ಶಿರಾ ದಾಟಿ ಹಿರಿಯೂರು ಕಡೆ ಹೋಗುವಾಗ ಹೈವೇ ಪಕ್ಕ ಸಿಗುತ್ತಲ್ಲ, ಅದು. ಹೆಸರಲ್ಲಿ ತಾವರೆಯೂ ಇದೆ, ಕೆರೆಯೂ ಇದೆ. ಕುಡಿಯೋ ನೀರಿನ ಕತೆ ಮಾತ್ರ ಬೇರೆ.

ಆ ಕತೆ ನನ್ನ ಬಾಯಲ್ಲೇ ಇದೆ. ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆಗಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಟೀಮಿನವನೊಬ್ಬ "ಗುಟ್ಕಾ ಹಾಕ್ತೀಯಾ?" ಅಂತ ಕೇಳಿದ್ದ. ಅವತ್ತಿಂದ ಫೋಟೋದಲ್ಲಿ ತುಟಿ ಮುಚ್ಚಿಕೊಂಡೇ ನಗೋದು ಅಭ್ಯಾಸ ಆಗಿದೆ.

ಅದು ಫ್ಲೋರೈಡ್ ಕಲೆ. ನೆಲದೊಳಗಿನ ಬಂಡೆಗಳಿಂದ ಫ್ಲೋರೈಡ್ ಬೋರ್‌ವೆಲ್ ನೀರಿಗೆ ಇಳಿಯುತ್ತೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಶಿರಾ, ಪಾವಗಡ, ಮಧುಗಿರಿ ಕಡೆ ಎಷ್ಟೋ ಬೋರ್‌ವೆಲ್‌ಗಳಲ್ಲಿ ದಾಟಿದೆ. ಕುದಿಸಿದರೂ ಹೋಗಲ್ಲ. ನೀರು ಆವಿಯಾಗಿ, ಉಳಿದ ನೀರಲ್ಲಿ ಅದು ಇನ್ನೂ ಹೆಚ್ಚಾಗುತ್ತೆ ಅಷ್ಟೇ. ಒಸಡಿನೊಳಗೆ ಹಲ್ಲು ರೂಪುಗೊಳ್ಳುವ ಪುಟ್ಟ ವಯಸ್ಸಿನಲ್ಲಿ ಕುಡಿದ ನೀರಿನ ಕಲೆ ಆಮೇಲೆ ಎಷ್ಟು ಒಳ್ಳೆ ನೀರು ಕುಡಿದರೂ ಅಳಿಯಲ್ಲ.

ಹಾಗಾಗಿ ನಮ್ಮನೆಯಲ್ಲಿ ಕುಡಿಯೋ ನೀರು ಅಂದ್ರೆ ಶುದ್ಧ ನೀರಿನ ಘಟಕದ ನೀರೇ. 5 ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತೆ. ಬೆಳಗ್ಗೆ ಏಳಕ್ಕೆಲ್ಲ ಕ್ಯಾನ್‌ಗಳ ಸಾಲು. ಅಪ್ಪ ಹೋದಮೇಲೆ ಒಬ್ಬಳೇ ಇರುವ ಅಮ್ಮ ಫೋನಲ್ಲಿ ಹೇಳುತ್ತಿದ್ದ ಸುದ್ದಿಯೆಲ್ಲ ಆ ಸಾಲಿಂದಲೇ ಬರೋದು. ಶೇಂಗಾ ರೇಟು ಎಷ್ಟಾಯ್ತು, ಯಾರ ಮಗಳಿಗೆ ಗಂಡು ನೋಡ್ತಿದ್ದಾರೆ, ಯಾರ ಬೋರು ಬತ್ತಿತು. ನನಗೆ ಆಕಳಿಕೆ ಬರುತ್ತಿತ್ತು.

ಕಳೆದ ವರ್ಷ ಅಮ್ಮನಿಗೆ ಸೊಂಟ ಹಿಡಿಯಿತು. ಇಂಜಿನಿಯರ್ ಮಗ ನೋಡಿ, ಸಮಸ್ಯೆ ಕಂಡ ಕೂಡಲೇ ಆನ್‌ಲೈನಲ್ಲಿ ಸಲ್ಯೂಷನ್ ಹುಡುಕಿದೆ. ದಸರಾ ರಜೆಯಲ್ಲಿ ಅಡುಗೆಮನೆ ಗೋಡೆಗೆ ಆರ್‌ಒ ಮೆಷಿನ್ ಬಂತು. "ಇನ್ಮೇಲೆ ಕ್ಯಾನ್ ಹೊರೋದು ಬೇಡ, ಸಾಲಲ್ಲಿ ನಿಲ್ಲೋದೂ ಬೇಡ" ಅಂತ ಹೆಮ್ಮೆಯಿಂದ ಹೇಳಿ ಬೆಂಗಳೂರಿಗೆ ವಾಪಸ್ ಬಂದೆ. ಆಮೇಲೆ ನಮ್ಮ ಫೋನ್ ಮಾತು ಚಿಕ್ಕದಾಯ್ತು. ಊಟ ಆಯ್ತಾ, ಆಯ್ತು, ಮಲಗು. ಅಮ್ಮ ಆರಾಮಾಗಿದ್ದಾಳೆ ಅಂದುಕೊಂಡೆ.

ಪ್ರಾಜೆಕ್ಟ್ ರಿಲೀಸ್ ಅಂತ ಸಂಕ್ರಾಂತಿಗೆ ಹೋಗಲಿಲ್ಲ. ಯುಗಾದಿಗೆ ಹೋದಾಗ ಸಾರಿಗೆ ಕರಿಬೇವು ಇರಲಿಲ್ಲ. "ಪಕ್ಕದ್ಮನೆಯಿಂದ ಕಿತ್ಕೊಂಡು ಬರ್ಲಾ?" ಅಂದೆ. ಅಮ್ಮ ಸುಮ್ಮನಾದಳು.

ಕೇಳಿದಾಗ ಗೊತ್ತಾಯಿತು, ತಪ್ಪು ನನ್ನದೇ. ಮನೆಯ ಆರ್‌ಒ ಒಂದು ಲೀಟರ್ ಒಳ್ಳೆ ನೀರು ಕೊಡೋಕೆ ಎರಡು-ಮೂರು ಲೀಟರ್ ಆಚೆ ಬಿಡುತ್ತೆ. ಆ ನೀರಲ್ಲಿ ಉಪ್ಪಿನಂಶವೆಲ್ಲ ಹೆಚ್ಚಾಗಿರುತ್ತೆ. ಅದರ ಪೈಪನ್ನು ನಾನು ಕಾಂಪೌಂಡ್ ತೂತಿನಿಂದ ಆಚೆ ಬಿಟ್ಟಿದ್ದೆ. ಅದು ಹೋಗಿ ನಿಲ್ಲುತ್ತಿದ್ದದ್ದು ಪಕ್ಕದ ಮನೆ ಅಕ್ಕನ ಕರಿಬೇವಿನ ಬುಡದಲ್ಲಿ. ಇಪ್ಪತ್ತು ವರ್ಷದಿಂದ ನಮ್ಮನೆ ಒಗ್ಗರಣೆಗೂ ಎಲೆ ಕೊಟ್ಟ ಗಿಡ. ಎಲೆ ಅಂಚು ಸುಟ್ಟ ಹಾಗಾಗಿ ಉದುರಿದವು. ಅಕ್ಕ ಕೂಗಾಡಿದರು, ಅಮ್ಮ ನನ್ನ ಪರ ವಹಿಸಿ ಮಾತಿಗೆ ಮಾತು ಬೆಳೆಸಿದಳು. ಮೂರು ತಿಂಗಳಿಂದ ಮಾತಿಲ್ಲ.

ಇನ್ನೊಂದು ವಿಷಯ ಆಮೇಲೆ ಬಂತು. ಜನವರಿಯಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು, ಎರಡು ದಿನ ಮಂಚ ಬಿಟ್ಟು ಏಳೋಕಾಗದೆ ಮಲಗಿದ್ದಳಂತೆ. ನನಗೆ ಫೋನಲ್ಲಿ "ಊಟ ಆಯ್ತು" ಅಂದಿದ್ದಳು.

"ನೀರಿಗೆ ಹೋಗ್ತಿದ್ದಿದ್ರೆ ಬೆಳಗ್ಗೆಯೇ ಯಾರಾದ್ರೂ ಬಂದು ಬಾಗಿಲು ಬಡೀತಿದ್ರು" ಅಂದಳು. ದೂರೋ ಥರ ಅಲ್ಲ, ಸುಮ್ಮನೆ.

ಅವತ್ತೇ ಪೈಪ್ ತಿರುಗಿಸಿ ಒಂದು ಡ್ರಮ್‌ಗೆ ಬಿಟ್ಟೆ. ನಿಮ್ಮ ಮನೆಯಲ್ಲೂ ಆರ್‌ಒ ಇದ್ದರೆ ಹೀಗೇ ಮಾಡಿ. ನೆಲ ಒರೆಸೋಕೆ, ಟಾಯ್ಲೆಟ್‌ಗೆ ಆ ನೀರು ಸಾಕು. ಗಿಡಕ್ಕೆ, ದನಕ್ಕೆ ಬೇಡ. ಆಮೇಲೆ ಪಕ್ಕದ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅಕ್ಕ ಹತ್ತು ನಿಮಿಷ ಬಾಗಿಲಲ್ಲೇ ನಿಲ್ಲಿಸಿ ಬೈದರು. "ಬಿದ್ದಿದ್ದು ನಂಗ್ಯಾಕೆ ಹೇಳ್ಲಿಲ್ಲ ಅವ್ಳು?" ಅಂತ ಅದಕ್ಕೂ ಬೈದರು. ಆಮೇಲೆ ಟೀ ಕೊಟ್ಟರು.

ಈಗ ಅವರ ಮಗ ಟಿವಿಎಸ್‌ನಲ್ಲಿ ನಮ್ಮ ಕ್ಯಾನನ್ನೂ ತರ್ತಾನೆ. ಅಮ್ಮ ಬರಿಗೈಯಲ್ಲಿ ಘಟಕದವರೆಗೆ ನಡೆದು ಹೋಗಿ, ಸಾಲಲ್ಲಿ ನಿಂತು, ಬರಿಗೈಯಲ್ಲೇ ವಾಪಸ್ ಬರ್ತಾಳೆ. ಆರ್‌ಒ ಗೋಡೆ ಮೇಲೇ ಇದೆ, ಘಟಕ ಕೆಟ್ಟ ದಿನಕ್ಕೆ.

ಸಾಲು ಅಂದ್ರೆ ಸ್ವರ್ಗ ಅಂತ ನಾನು ಹೇಳ್ತಿಲ್ಲ. ಅಲ್ಲಿ ಜಗಳವೂ ಇದೆ, "ಮಗನಿಗೆ ಮೂವತ್ತಾಯ್ತು, ಇನ್ನೂ ಮದುವೆ ಇಲ್ವಾ?" ಅನ್ನೋ ಪ್ರಶ್ನೆಯೂ ಇದೆ. ಆದರೆ ಹಾಗೆ ಕೇಳುವ ಬಾಯಿಗಳೇ ಎರಡು ದಿನ ಅಮ್ಮ ಕಾಣದಿದ್ದರೆ ಎಲ್ಲಿ ಅಂತಲೂ ಕೇಳ್ತವೆ. ಮನೆಯವರ ಕಷ್ಟ ತಪ್ಪಿಸೋಕೆ ನಾವು ಏನಾದರೂ ಆರ್ಡರ್ ಮಾಡುವ ಮೊದಲು, ಆ ಕೆಲಸದ ನೆಪದಲ್ಲಿ ಅವರು ದಿನಾ ಯಾರನ್ನು ನೋಡ್ತಿದ್ದರು ಅಂತ ಒಮ್ಮೆ ಕೇಳಬೇಕು. ನಾನು ಕೇಳಿರಲಿಲ್ಲ.

ಬೆಂಗಳೂರಿನ ಫ್ಲಾಟಿನಲ್ಲಿ ಮೂರು ವರ್ಷದಿಂದ ಇದ್ದೀನಿ. ಎದುರು ಮನೆಯವರ ಹೆಸರು ಇನ್ನೂ ಗೊತ್ತಿಲ್ಲ. ಈ ಶನಿವಾರ ಬೆಲ್ ಒತ್ತಿ ಮೊಸರಿಗೆ ಸ್ವಲ್ಪ ಹೆಪ್ಪು ಕೇಳೋಣ ಅಂತಿದ್ದೀನಿ. ಫ್ರಿಜ್ಜಲ್ಲಿ ಮೊಸರಿದೆ. ಆದರೂ.